ಕುಸಿಯುವ ಸೀಟಿಗೊಂದು ಮಡ್‌ಗಾರ್ಡ್

ಗುಡ್ಡ ಹತ್ತುವ ಸೈಕಲ್ಲಿಗೆ ಹಿಂದಿನ ಮಡ್‌ಗಾರ್ಡ್ ಆರಿಸಲು ಈ ಆಸಾಮಿ ಬಂದರೆ ಅಂಗಡಿಯವನಿಗೆ ಚಳಿಜ್ವರ. ಇವನ ಸೀಟೋ, ಇಳಿಜಾರಿನಲ್ಲಿ ತಗ್ಗಿ ಕೂರಲೆಂದು ಗುಂಡಿ ಒತ್ತಿದರೆ ಧೊಪ್ಪನೆ ಕುಸಿಯುವಂಥದ್ದು. ಸೀಟಿನ ಕಂಬಕ್ಕೆ ಮಡ್‌ಗಾರ್ಡ್ ಕಟ್ಟಿದರೆ ಸೀಟು ಇಳಿಯುವುದಿಲ್ಲ. ಸೀಟಿನಡಿ ಸಿಕ್ಕಿಸಿದರೆ ಇಳಿದಾಗ ಚಕ್ರಕ್ಕೆ ಉಜ್ಜಿ ಕತ್ತೆಯಂತೆ ಅರಚುತ್ತದೆ. ಒಂದೊಂದನ್ನೂ ಸಿಕ್ಕಿಸಿ, ಹತ್ತಿ ಕೂತು, ಅಂಡು ಮೇಲೆ ಕೆಳಗೆ ಮಾಡಿ, ಮುಷ್ಕರದ ಮಾತುಕತೆಗೆ ಕೂತವನಂತೆ ತಲೆಯಾಡಿಸುತ್ತಾನೆ: "ಆಗಲ್ಲ, ಬೇರೆ ತೆಗಿ." ಅಂಗಡಿಯವನು ಸಿಡುಕುತ್ತಾನೆ: "ಅಣ್ಣಾ, ಮಡ್‌ಗಾರ್ಡ್ ಹುಡುಕ್ತಿದ್ದೀಯೋ, ಅಳಿಯನ್ನ ಹುಡುಕ್ತಿದ್ದೀಯೋ? ಈ ಮೋಟನ್ನ ಚೌಕಟ್ಟಿಗೆ ಕಟ್ಕೋ, ನಿನ್ನ ಬೆನ್ನಿಗೆ ಸಾಕು." "ನನ್ನ ಬೆನ್ನು ಸುಡುಗಾಡಿಗೆ ಹೋಗ್ಲಿ ಕಣಯ್ಯಾ! ಮೊನ್ನೆ ಹಿಂದಿನ ಸೈಕಲ್ಲಲ್ಲಿ ಬರ್ತಿದ್ದ ಹೆಂಡ್ತಿ, ಬಾಯಿಗೆ ಸಿಡಿದ ಕೆಸರು ಉಗಿದು, 'ಇನ್ಮೇಲೆ ನೀವೊಬ್ರೇ ಹೋಗಿ' ಅಂದ್ಲು. ಒಬ್ನೇ ಎಲ್ಲಿಗೆ ಹೋಗ್ಲಿ?" ಅಂಗಡಿಯವನು ಬೈಯುವುದು ಬಿಟ್ಟು, ಉದ್ದದ್ದೊಂದನ್ನು ಹುಡುಕಲು ಅಟ್ಟಕ್ಕೆ ಏಣಿ ಹಾಕುತ್ತಾನೆ.