ಅಂಚಿಗೆ ಬಂದ ಬಿರುಕು

ಸುರಪುರದಲ್ಲಿ ಒಡವೆ ಮಾಡುವ ಪತ್ತಾರ ಈಶಪ್ಪನ ಹೆಂಡತಿ ಕಾಳಮ್ಮ, ಕಟ್ಟಿಕೊಂಡ ಗಂಡನನ್ನು ನಾಲ್ಕು ಜನರ ಮುಂದೆ ಹೀನಾಯ ಮಾಡಿ ಸುಖಪಡುವ ಹೆಂಗಸು. ನನಗೆ ಅವಳು ಸೇರುತ್ತಿರಲಿಲ್ಲ. ಸೇರುತ್ತಿದ್ದವರನ್ನೂ ನಾನು ಕಂಡಿಲ್ಲ.

ಅವಳ ತವರು ರಾಮಸಮುದ್ರ. ಅಪ್ಪ ಹರಳು ಕೂಡಿಸುವುದರಲ್ಲಿ ಹೆಸರಾದವನು. ಗಂಡುಮಕ್ಕಳಿಲ್ಲದ್ದರಿಂದ ಹರಳು ಪರೀಕ್ಷಿಸುವುದನ್ನು ಮಗಳಿಗೆ ಕಲಿಸಿದ. ಉಪಕರಣ ಮುಟ್ಟಲು ಮಾತ್ರ ಬಿಡಲಿಲ್ಲ. ಮದುವೆಯಾದ ಮೇಲೆ ಅವಳು ಗಂಡನ ಜೊತೆ ಮನೆಮನೆಗೂ ಹೋಗಿ ಬೆಂಕಿ ಊದುತ್ತಿದ್ದಳು. ಈಶಪ್ಪ ಹರಳು ಎತ್ತಿಕೊಂಡರೆ ಸಾಕು, ಕಸಿದು ಬೆಳಕಿಗೆ ಹಿಡಿದು, "ಕಣ್ಣಾಗ ಮಣ್ಣು ಬಿದ್ದದೇನ್ರಿ? ಬಲಗಡಿ ಗೀರು ಅದ, ಕಾಣವಲ್ದಾ?" ಎಂದು ಚುಚ್ಚುತ್ತಿದ್ದಳು. ಕೂತವರು ನಗುತ್ತಿದ್ದರು. ಅವನು ತಲೆ ತಗ್ಗಿಸಿ ಕೆಲಸ ಮುಂದುವರಿಸುತ್ತಿದ್ದ.

ಆಗೆಲ್ಲ ಪತ್ತಾರನೇ ಮನೆಗೆ ಬಂದು ಒಡವೆ ಮಾಡಬೇಕು, ಮನೆಯವರೊಬ್ಬರು ಎದುರು ಕೂತು ಕಾಯಬೇಕು. ಹರಳು ಒಡೆದರೆ ಅದರಲ್ಲೇ ದೋಷವಿತ್ತೆಂದು ಯಾರೂ ನಂಬುತ್ತಿರಲಿಲ್ಲ; ಪತ್ತಾರ ಬದಲಿಸಿದ ಎಂದೇ ಮಾತು ಹುಟ್ಟುತ್ತಿತ್ತು. ಆಮೇಲೆ ಸುರಪುರ, ಶಹಾಪುರ, ಯಾದಗಿರಿ, ಮೂರು ಊರಲ್ಲೂ ಅವನಿಗೆ ಕೆಲಸವಿಲ್ಲ.

೧೯೪೫ರ ಬೇಸಿಗೆಯಲ್ಲಿ ನಾನು ಹೈದರಾಬಾದಿನ ಹೆಣ್ಣುಮಕ್ಕಳ ಕಾಲೇಜಿನಿಂದ ಶಹಾಪುರಕ್ಕೆ ಬಂದಿದ್ದೆ. ಜಗದೇವಪ್ಪ ಕಾಕಾನ ಮಗಳ ನಿಶ್ಚಯ. ಅಳಿಯನಾಗುವವನಿಗೆ ವಜ್ರದ ಉಂಗುರ ಸಂಜೆಯೊಳಗೆ ಸಿದ್ಧವಾಗಬೇಕಿತ್ತು. ಕಾವಲಿಗೆ ನನ್ನನ್ನು ಕೂರಿಸಿದರು.

ಕಾಳಮ್ಮ ವಜ್ರವನ್ನು ಬಹಳ ಹೊತ್ತು ತಿರುಗಿಸಿ ನೋಡಿದಳು. ನಡುವೆ ಕರಿಚುಕ್ಕಿ ಇದೆ, ಅದರಿಂದ ಭಯವಿಲ್ಲ ಎಂದಳು. "ಖರೇ ಅಂಜಿಕಿ ಇಲ್ಲಿ ಅದ ನೋಡ್ರಿ ಸಾವಕಾರ್ರ. ಬಿರುಕು ಅಂಚಿಗೆ ಬಂದದ. ಅದರ ಮ್ಯಾಲೆ ಒತ್ತಿದ್ರ ಹರಳು ಉಳಿಯಂಗಿಲ್ಲ." ಕಿವಿಯ ಒಡವೆಗಾದರೆ ಬಾಳುತ್ತದೆ, ಉಂಗುರವೆಂದರೆ ಬಾಗಿಲಿಗೆ, ತಂಬಿಗೆಗೆ ಬಡಿಯುತ್ತಲೇ ಇರುತ್ತದೆ ಎಂದೂ ಸೇರಿಸಿದಳು.

ಕಾಕಾನ ಮುಖ ಕೆಂಪಾಯಿತು. "ಶುಭದ ದಿನ ಬಿರುಕಿನ ಮಾತು ಆಡ್ತಿ? ಇನ್ನೊಮ್ಮಿ ತುಟಿ ಬಿಚ್ಚಿದ್ರ ಇಬ್ಬರನೂ ಎಬ್ಬಿಸಿ ಕಳಸ್ತೀನಿ."

ಅವಳು ವಜ್ರವನ್ನು ಗಂಡನ ಅಂಗೈಗೆ ಹಾಕಿ ಬೆಂಕಿಯ ಕಡೆ ತಿರುಗಿದಳು. ಕಾಕಾ ಹೋಗಲಿಲ್ಲ, ಅಲ್ಲೇ ನಿಂತರು.

ಉಂಗುರವನ್ನು ಅಲುಗಾಡದಂತೆ ಅರಗಿನ ಕೋಲಿಗೆ ಅಂಟಿಸಿಯಾಗಿತ್ತು. ಈಶಪ್ಪ ವಜ್ರವನ್ನು ಉಂಗುರದ ಗುಳಿಯಲ್ಲಿ ಕೂರಿಸಿದ. ಸುತ್ತಲೂ ನಾಲ್ಕು ಚಿನ್ನದ ಹಲ್ಲು. ಉಕ್ಕಿನ ಕಡ್ಡಿಯಿಂದ ಒಂದೊಂದನ್ನೂ ಹರಳಿನ ಮೇಲೆ ಬಗ್ಗಿಸಬೇಕು. ಬಿರುಕು ಯಾವ ಹಲ್ಲಿನ ಕೆಳಗೂ ಬರಬಾರದು. ಅವನು ಕಡ್ಡಿ ಎತ್ತಿದ, ಇಳಿಸಿದ. ಮತ್ತೆ ಎತ್ತಿದ.

"ಯಾಕ ನಿಂತ್ಯೋ?" ಎಂದರು ಕಾಕಾ.

"ಕೈ ಬೆವತಾವ್ರಿ."

ನಾನು ಬಗ್ಗಿ ಅವನ ಮುಖ ನೋಡಿದೆ. ಎರಡು ಕಣ್ಣಿನ ಪಾಪೆಯ ಮೇಲೂ ಬಿಳಿ ಪೊರೆ. ಹಣೆಗೆ ಕಟ್ಟಿದ್ದ ಭೂತಗನ್ನಡಿ ಹರಳಿನತ್ತ ಇರಲೇ ಇಲ್ಲ. ಬಿರುಕಿರಲಿ, ಹರಳಿನ ಅಂಚೂ ಅವನಿಗೆ ಕಾಣುತ್ತಿರಲಿಲ್ಲ. ಎಷ್ಟು ವರ್ಷದಿಂದ ಹೀಗೋ ಗೊತ್ತಿಲ್ಲ. 'ಬಲಗಡಿ ಗೀರು ಅದ' ಎಂಬ ಅವಳ ಚುಚ್ಚುಮಾತು ನೆನಪಾಯಿತು. ಕಾವಲಿಗೆ ಕೂತವಳು ಕಾಕಾನಿಗೆ ಹೇಳಬೇಕಿತ್ತು. ನಾನು ಹೇಳಲಿಲ್ಲ, ಯಾಕೆಂದು ಇಂದಿಗೂ ವಿವರಿಸಲಾರೆ.

ಅವನು ಕಡ್ಡಿಯನ್ನು ಒಂದು ಹಲ್ಲಿನ ಮೇಲೆ ಇಟ್ಟೇಬಿಟ್ಟ. ಆಗ ಕಾಳಮ್ಮ ಇದ್ದಿಲು ತರುವವಳಂತೆ ಎದ್ದು, ಕಾಕಾನಿಗೆ ಬೆನ್ನು ಮಾಡಿ ಗಂಡನ ಪಕ್ಕ ಬಗ್ಗಿದಳು. ಅವನ ಎಡಗೈಯ ಹೆಬ್ಬೆರಳು ಹಿಡಿದು, ಅದರ ಉಗುರನ್ನು ಹರಳಿನ ಅಂಚಿನಲ್ಲಿ ಒಂದು ಕಡೆ ಊರಿದಳು. ಎರಡು ಉಸಿರಿನಷ್ಟು ಹೊತ್ತು. ಇದ್ದಿಲು ತೆಗೆದುಕೊಂಡು ಹೋದಳು.

ಈಶಪ್ಪ ಕಡ್ಡಿ ತೆಗೆದ. ಊರಿದ ಉಗುರನ್ನು ಅಲ್ಲಿಂದ ತೆಗೆಯದೆ ಹರಳನ್ನು ತಿರುಗಿಸಿ, ಆ ಜಾಗವನ್ನು ಎರಡು ಹಲ್ಲುಗಳ ನಡುವಿಗೆ ತಂದ. ಆಮೇಲೆ ಒತ್ತಿದ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ನಾನು ಕಣ್ಣು ಮುಚ್ಚಿದ್ದೆ. ಕಾಕಾ ಉಂಗುರವನ್ನು ಬಿಸಿಲಿಗೆ ಹಿಡಿದು ನೋಡಿದರು. ಹರಳು ಇಡಿಯಾಗಿಯೇ ಇತ್ತು. ಒಳಗೆ ಒಯ್ದರು.

ಹೊರಡುವಾಗ ಈಶಪ್ಪ ಕಟ್ಟೆಯಿಂದ ಕಾಲಿಳಿಸಿ ಚಪ್ಪಲಿಗಾಗಿ ನೆಲ ತಡಕಿದ. ಕಾಳಮ್ಮ ನನ್ನನ್ನೊಮ್ಮೆ ದಿಟ್ಟಿಸಿ ನೋಡಿದಳು. ಚಪ್ಪಲಿಗಳನ್ನು ಕಾಲಿನಿಂದಲೇ, ಸದ್ದಾಗದಂತೆ, ಅವನ ಪಾದದ ಕೆಳಗೆ ಸರಿಸಿದಳು.