ಅವ್ವ ಎತ್ತದ ಹೆಸರು

ನನ್ನ ಮೊಮ್ಮಗಳು ಹೆಣ್ಣು ಮಗು ಹೆತ್ತಿದ್ದಾಳೆ! ಇವತ್ತು ಗುಂಡ್ಲುಪೇಟೆ ಆಸ್ಪತ್ರೆಯಿಂದ ತಾಯಿ ಮಗು ಇಬ್ಬರನ್ನೂ ಮನೆಗೆ ಕರೆತಂದೆವು. ದಾರಿಯಲ್ಲಿ ಕಂಡವರಿಗೆಲ್ಲ ಹೇಳಿದ್ದಾಯಿತು, ಈಗ ನಿಮ್ಮ ಸರದಿ. ಮೂರನೇ ಕ್ಲಾಸಿಗೇ ಸ್ಲೇಟು ಒಡೆದುಕೊಂಡವಳು ನಾನು. ಬರಹ ಅಂಕುಡೊಂಕಾದರೆ ನಕ್ಕುಬಿಡಿ.

ಹೊರಡುವಾಗ ನರ್ಸು ಒಂದು ಕಾಗದ ಹಿಡಿದು, "ಗಂಡನ ಹೆಸರು?" ಎಂದಳು. ಹುಡುಗಿ ಹಾಲು ಕುಡಿಸುತ್ತಲೇ ಥಟ್ಟನೆ, "ಮಂಜುನಾಥ" ಎಂದಳು. ನನಗೆ ಕಣ್ಣು ತುಂಬಿತು.

"ಯಾಕಜ್ಜಿ ಅಳ್ತಿದ್ದಯ್?"

"ಸಂತೋಸಕ್ಕೆ ಕಣಮ್ಮಿ." ಅರ್ಧ ಸುಳ್ಳು.

ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು, ನನಗೆ ಎಂಟಿರಬೇಕು. ಕುದೇರಿನಲ್ಲಿ ಬಾವಿ ತೋಡುವಾಗ ಕಲ್ಲುರುಳಿ ಅಪ್ಪನ ಕಾಲು ಜಜ್ಜಿತು. ಕೂಲಿ ನಿಂತಿತು. ಚಾಮರಾಜನಗರದ ಹೊರಗೆ, ದಿಕ್ಕಿಲ್ಲದವರಿಗೆ ಕೆಲಸ ಕೊಟ್ಟು ಗಂಜಿ ಹಾಕುವ ಸರ್ಕಾರದ ಬಡವರ ಮನೆಯಿತ್ತು, ಅಲ್ಲಿಗೆ ಹೋದೆವು. ಬಿಳಿಯರ ಕಾಲದ ಕಟ್ಟಡ. ಅವರ ಸೀಮೆಯಲ್ಲಿ ಬಡವರಿಗೆ ಇಂಥವನ್ನೇ ಕಟ್ಟುತ್ತಿದ್ದರಂತೆ. ಇದ್ದದ್ದು ಒಂದೇ ಬಾಗಿಲು. ಒಳಗೆ ಗಂಡಸರಿಗೊಂದು ಅಂಗಳ, ಹೆಂಗಸರು ಮಕ್ಕಳಿಗೊಂದು, ನಡುವೆ ಎರಡಾಳೆತ್ತರದ ಗೋಡೆ. ಕಿಟಕಿಗಳೆಲ್ಲ ತಲೆಯಿಂದ ಮೇಲೆ: ಬೆಳಕು ಬೀಳಬೇಕು, ಹೊರಗಿನದೇನೂ ಕಾಣಬಾರದು. ಗೋಡೆಯಾಚೆ ಗಂಡಸರು ಜಲ್ಲಿ ಒಡೆಯುವ ಸದ್ದು. ಈಚೆ ನಾವು ಕೊಳೆಸಿದ ತೆಂಗಿನ ಸಿಪ್ಪೆ ಬಡಿದು ನಾರು ತೆಗೆಯಬೇಕು, ಆಮೇಲೇ ಗಂಜಿ.

ಜ್ವರದಲ್ಲಿದ್ದ ಅಪ್ಪನನ್ನು ಮೊದಲೇ ಎತ್ತಿಕೊಂಡು ಹೋದರು. ಗುಮಾಸ್ತ ಅವ್ವನನ್ನು ಕೇಳಿದ: "ಗಂಡನ ಹೆಸರು?"

ಗಂಡನ ಹೆಸರೆತ್ತಿದರೆ ಅವನ ಆಯುಸ್ಸು ಸವೆಯುತ್ತದೆಂದು ನಂಬಿದವಳು ಅವ್ವ. ಅಪ್ಪನ ಹೆಸರು ಮಾದಪ್ಪ ಎಂದಾದ್ದರಿಂದ ಬೆಟ್ಟದ ದೇವರನ್ನೂ "ಬೆಟ್ಟದೊಡೆಯ" ಎನ್ನುತ್ತಿದ್ದಳೇ ಹೊರತು ಮಾದಪ್ಪ ಎಂದವಳಲ್ಲ. ಅಪ್ಪನನ್ನು ಒಯ್ದ ಕಡೆಗೆ ಕೈ ತೋರಿದಳು. ನಾನಾದರೂ ಹೇಳಬಹುದಿತ್ತು, ಆದರೆ ಈ ಜಾಣೆಗೆ ಗೊತ್ತಿದ್ದದ್ದು "ಅಪ್ಪ" ಎಂಬುದೊಂದೇ.

"ಗಂಡ ಇಲ್ವೋ? ನಡಿ ಮುಂದಕ್ಕೆ." ಅವನು ತಲೆಯೆತ್ತಿದ್ದರೆ ತಾಳಿ ಕಾಣುತ್ತಿತ್ತು.

ಭಾನುವಾರ ಗಂಡಹೆಂಡಿರು ಅರ್ಧ ಗಂಟೆ ಮಾತಾಡಬಹುದಿತ್ತು. ಎರಡು ಭಾನುವಾರ ಕಳೆದರೂ ಅವ್ವನನ್ನು ಕರೆಯಲಿಲ್ಲ. ನಮ್ಮ ಮೇಲ್ವಿಚಾರಣೆಯ ಹೆಂಗಸು ಹೇಳಿದಳು:

"ಪಟ್ಟೀಲಿ ನೀನು ಮುಂಡೆ ಅಂತ ಬರ್ದದ ಕಣಮ್ಮಿ. ಅವುನ್ ಎಸ್ರೇಳು, ತಿದ್ದುಸ್ತೀನಿ."

"ಕಾಲು ಕೀವಾಗಿ ಮಲ್ಗವ್ರೆ ಕಣಕ್ಕ. ಇಂತಾ ಒತ್ನಲ್ಲಿ ಎಸ್ರೆತ್ತಿ ಎಚ್ಚುಕಮ್ಮಿ ಆದ್ರೆ?"

ಅದೇ ವಾರ ಆ ಹೆಂಗಸು ಅಂಗಳಕ್ಕೆ ಬಂದು ಕೂಗಿದಳು: "ಕುದೇರು ಮಾದಪ್ಪ ತೀರ್ಕೊಂಡವ್ನೆ. ಅವನ ಕಡೆಯೋರು ಯಾರಾರ ಇದ್ದೀರಾ?"

ಅವ್ವನ ಕೈಯಲ್ಲಿದ್ದ ಸಿಪ್ಪೆ ಬಡಿಯುವ ಕೊಡತಿ ಬಿತ್ತು. ಗೋಡೆಗೆ ಮುಖ ಹಚ್ಚಿ, "ಮಾದಪ್ಪಾ! ಮಾದಪ್ಪಾ!" ಎಂದು ಗಂಟಲು ಹರಿಯುವಂತೆ ಕೂಗಿದಳು. ಆ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಆಗಲೇ. ಆಮೇಲೆ ಬಾಗಿಲಿಗೆ ಓಡಿ, "ನಾನು ಅವ್ರ ಎಂಡ್ರು, ಬರ್ಕೊಳಿ ಸೋಮಿ" ಎಂದಳು.

ಗುಮಾಸ್ತ ಪುಸ್ತಕ ನೋಡಿ, "ಮುಂಡೆ ಅಂತಲೇ ಇದೆಯಲ್ಲ. ಇನ್ನೇನು ತಿದ್ದೋದು?" ಎಂದ.

ಹೆಣ ಒಯ್ದದ್ದನ್ನು ನಾವು ನೋಡಲಿಲ್ಲ. ಕಿಟಕಿ ಎತ್ತರದಲ್ಲಿತ್ತು.

ಇಷ್ಟೆಲ್ಲ ಕಂಡವಳಿಗೆ ಬುದ್ಧಿ ಬಂತೇ? ಎಲ್ಲಿಯದು! ಅರವತ್ತು ವರ್ಷದಿಂದ ನಮ್ಮ ಯಜಮಾನರನ್ನು ಹೆಸರೆತ್ತದೆ "ಇಗಳಿ" ಎಂದೇ ಕರೆದೆ. ಅದೇ ಭಯ.

ಇವತ್ತು ಸಂಜೆ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತರು, ಬಾಣಂತಿ ಮಂಚದ ಮೇಲೆ. ಇವರೊಬ್ಬರು ಇನ್ನೂ ಜಗಲಿಯಲ್ಲಿ. ಬಾಗಿಲಿಗೆ ಹೋಗಿ ಕರೆದೆ:

"ಸಿದ್ದಯ್ಯಾ, ಊಟಕ್ಕೆ ಬನ್ನಿ!"

ಸಾಲಿನಲ್ಲಿ ಕೂತವರೆಲ್ಲ ಬಾಗಿಲತ್ತ ತಿರುಗಿದರು.

"ಯಾರಮ್ಮಿ ಅದು, ನನ್ ಎಸ್ರು ಕೂಗ್ದೋಳು?"

"ನಾನೇ."

ಇವರು ಎದ್ದು ಬಂದರು, ಗಟ್ಟಿಮುಟ್ಟಾಗಿಯೇ. ನನ್ನ ಪಕ್ಕ ಕೂತು, "ಇನ್ನೊಂದ್ಸಲ ಕರಿ, ನೋಡನ" ಎಂದರು. ಕರೆದೆ. ಇವರು ನಕ್ಕು ಮುದ್ದೆ ಮುರಿದರು, ನಾವೆಲ್ಲ ಉಂಡೆವು.