ಅಕ್ಕಸಾಲಿಗರ ಅಂಗಡಿಯ ಕಾಲೊರಸು

ಕಾಲೊರಸನ್ನು ಬಾಡಿಗೆಗೆ ಕೊಡುತ್ತೇನೆ ಎಂದಾಗ ಗಾಂಧಿನಗರದ ನಮ್ಮ ಓಣಿಯೇ ನಕ್ಕಿತ್ತು. ನಾಳೆ ಕಸಬರಿಗೆಯನ್ನೂ ಬಾಡಿಗೆಗೆ ಇಡುತ್ತೀರೇನು ಎಂದು ಪಕ್ಕದ ಮನೆಯವರು ಕೇಳಿದ್ದರು. ಕೇಳಲಿ ಬಿಡಿ. ಎಂಬತ್ತರ ದಶಕದ ಆ ಶುರುವಿನಲ್ಲಿ ಅದಿರು ಲಾರಿಗಳ ಕೆಂಪು ಧೂಳು ಬಳ್ಳಾರಿಯ ಅಂಗಡಿಗಳ ಒಳಗೇ ಬಂದು ಕೂರುತ್ತಿತ್ತು. ವಾರಕ್ಕೊಮ್ಮೆ ಕೊಳೆಯಾದ ನಾರಿನ ಕಾಲೊರಸು ಒಯ್ದು, ತೊಳೆದದ್ದನ್ನು ಹಾಸಿ ಬರುವುದು ನನ್ನ ಹೊಸ ಉದ್ಯೋಗ. ತೊಳೆಯುವವಳು ಬಾದನಹಟ್ಟಿಯಲ್ಲಿದ್ದ ನನ್ನ ನಾದಿನಿ, ನನ್ನ ಗಂಡನ ತಂಗಿ. ಅವಳ ಹಿತ್ತಲ ಹಿಂದೆಯೇ ಕಾಲುವೆಯಿತ್ತು.

ಅವಳ ಕೆಲಸ ಚೆನ್ನ, ಆದರೆ ಕಾಲೊರಸು ನೆನೆಹಾಕಿದ ಕಲ್ಲುಬಾನಿಯ ನೀರನ್ನು ಎರಡು ದಿನವಾದರೂ ಚೆಲ್ಲುತ್ತಿರಲಿಲ್ಲ. ನನಗೋ ಕೋಪ ಮೂಗಿನ ತುದಿಯಲ್ಲಿ. ಇನ್ನೊಮ್ಮೆ ಆ ಗಬ್ಬುನೀರು ಕಂಡರೆ ಕೆಲಸ ಬೇರೆಯವರಿಗೆ ಕೊಡುತ್ತೇನೆಂದು ಹೆದರಿಸಿ ಬಂದಿದ್ದೆ.

ಅದೇ ವಾರ ಅಕ್ಕಸಾಲಿಗರೊಬ್ಬರು ಕಾಲೊರಸು ಹಾಕಿಸಿಕೊಂಡಿದ್ದರು. ಅವರ ಸಾಲಿನ ಉಳಿದವರು ಕಾದು ನೋಡುತ್ತೇವೆ ಎಂದಿದ್ದರು. ಬದಲಿಸುವ ದಿನ ಆ ಅಕ್ಕಸಾಲಿಗರು ತಾವು ಮಾಡಿದ ಸರ ಕೊಡಲು ಸಿರುಗುಪ್ಪಕ್ಕೆ ಹೋಗಿದ್ದರು. ಅಂಗಡಿಯಲ್ಲಿದ್ದ ಅವರ ಮಾವ ಕಾಲೊರಸನ್ನು ಹಾಗೇ ಎತ್ತಿ ಕೊಟ್ಟರು. ಉಳಿದವುಗಳ ಜೊತೆ ಅದನ್ನೂ ಬಸ್ಸಿಗೆ ಹಾಕಿ ಕಳಿಸಿದೆ.

ಮರುದಿನ ಬೆಳಿಗ್ಗೆ ಅಕ್ಕಸಾಲಿಗರು ನಮ್ಮ ಬಾಗಿಲಿಗೇ ಬಂದರು. ದನಿ ಏರಿಸಲಿಲ್ಲ.

“ಆ ಕಾಲೊರಸಿನ ಮಣ್ಣಿನ್ಯಾಗ ನಮ್ಮ ಬಂಗಾರದ ಪುಡಿ ಐತಿ. ಸಂಜಿ ಒಳಗ ತಂದು ಕೊಡ್ರಿ. ಇಲ್ಲಾಂದ್ರ ಇದಕ್ಕಂತನ ನೀವು ಈ ಧಂದೆ ಹಚ್ಚೀರಿ ಅಂತ ಬಜಾರದಾಗ ಎಲ್ಲಾರೂ ತಿಳ್ಕೊಂತಾರ.”

ಬಂಗಾರಕ್ಕೆ ಅರ ಹಾಕಿ ಉಜ್ಜಿದಾಗ ಉದುರುವ ಪುಡಿ ಕಾಲಿಗೆ ಅಂಟುತ್ತದೆ, ಅದಕ್ಕೇ ಅಕ್ಕಸಾಲಿಗರು ಕಸವನ್ನೂ ಕೂಡಿಟ್ಟು ನೀರಿನಲ್ಲಿ ಜಾಲಿಸಿ ಬಂಗಾರ ತೆಗೆಯುತ್ತಾರೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಕಳ್ಳಿ ಎನಿಸಿಕೊಂಡರೆ ಉದ್ಯೋಗವೇನು, ಆ ಬೀದಿಯಲ್ಲಿ ತಲೆಯೆತ್ತಿ ನಡೆಯುವುದೂ ಮುಗಿಯಿತು.

ಬಾದನಹಟ್ಟಿಗೆ ಹೋಗುವ ಕುರುಗೋಡಿನ ಬಸ್ಸು ಹತ್ತಿದೆ. ಕೈ ಮಾಡಿದಲ್ಲೆಲ್ಲ ಅದು ನಿಂತಿತು. ದೇವರೇ, ಇದೊಂದು ಸಲ ನಾದಿನಿ ನನ್ನ ಮಾತು ಕೇಳದಿರಲಿ, ನೀರು ಚೆಲ್ಲದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ. ಬಸ್ಸಿಳಿದು ಓಡಿದೆ. ಹಿತ್ತಲ ಗೋಡೆಯ ಮೇಲೆ ಕಾಲೊರಸುಗಳು ಚೊಕ್ಕಟವಾಗಿ ಒಣಗುತ್ತಿದ್ದವು. ಬಾನಿಯತ್ತ ಧಾವಿಸಿದೆ.

ನಾದಿನಿ ನನ್ನನ್ನು ಕಂಡೊಡನೆ ಬಾನಿಗೆ ಅಡ್ಡ ನಿಂತಳು.

“ಬೈಬ್ಯಾಡ ಅತ್ತಿಗಿ, ಈಗ ಚೆಲ್ಲಾಕ ಹೊಂಟಿದ್ನಿ.”

ಬಾನಿ ತುಂಬಿಯೇ ಇತ್ತು. ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಆಮೇಲೆ ಮಾತೇ ಆಡದೆ ನೀರು ಸೋಸಿ, ತಳದ ಕೆಸರನ್ನೆಲ್ಲ ತಗಡಿನ ಡಬ್ಬಿಗೆ ತುಂಬಿಕೊಂಡು ಬಸ್ಸಿಗೆ ಓಡಿದೆ.

ಸಂಜೆ ಅಕ್ಕಸಾಲಿಗರು ನನ್ನೆದುರೇ ಬೋಗುಣಿಯಲ್ಲಿ ಆ ಕೆಸರು ಜಾಲಿಸಿದರು. ಅಕ್ಕಪಕ್ಕದವರು ಬಂದು ನಿಂತಿದ್ದರು. ಕೊನೆಗೆ ತಳದಲ್ಲಿ ಅರ್ಧ ಸಾಸಿವೆಯಷ್ಟು ಬಂಗಾರ ಹೊಳೆಯಿತು. ಇನ್ನು ಮೇಲೆ ಇಲ್ಲೇ ಝಾಡಿಸಿ ಒಯ್ಯಿರಿ ಎಂದರು, ಅಷ್ಟೇ. ಅಂದೇ ಆ ಸಾಲಿನ ನಾಲ್ಕು ಅಂಗಡಿಯವರು ತಮಗೂ ಬೇಕೆಂದರು.

ಆ ಸಂಭ್ರಮದಲ್ಲೇ ಮುಂದಿನ ವಾರ ಬಾದನಹಟ್ಟಿಗೆ ಹೋದೆ. ಬಾನಿ ಖಾಲಿಯಾಗಿತ್ತು, ತಿಕ್ಕಿ ತಿಕ್ಕಿ ಬೆಳ್ಳಗಾಗಿತ್ತು. ನಾದಿನಿಯ ಅಂಗೈ ತರಚಿತ್ತು.

“ಡಬ್ಬ್ಯಾಗ ಒಯ್ದ ಆ ರಾಡಿ ಅಣ್ಣಗ ತೋರಿಸಿದ್ಯಾ?” ಎಂದಳು. “ಈಗರ ಕೆಲಸ ನನಗ ಇರತೈತೇನು?”

ಬಂಗಾರದ ಸುದ್ದಿಯನ್ನು ಅವಳಿಗೂ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.